ಒಂದು ಶಾಲೆಗೆ ಹೆಸರಾದ ಯುವಕ

ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ಆಂಡ್ರ್ಯೂ ಮಿನಾರ್ಸ್ಕಿ ಎಂಬ ಯುವಕನ ಹೆಸರಿನಲ್ಲಿ ಒಂದು ಶಾಲೆಯಿದೆ. ಆತ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಂದೂಕುಗಾರನಾಗಿದ್ದು, 27ನೇ ವಯಸ್ಸಿನಲ್ಲಿ ಮಡಿದವನು. ನಮ್ಮ ಶಾಲೆ ಸುವರ್ಣ ಮಹೋತ್ಸವ ಆಚರಿಸುತ್ತಿರುವ ಈ ಹೊತ್ತಿನಲ್ಲಿ ಅವನ ಚರಿತ್ರೆಯನ್ನು ನಿಮ್ಮ ಮುಂದಿಡಬೇಕೆಂದು ನನಗನ್ನಿಸಿತು.

ಮಿನಾರ್ಸ್ಕಿ 1916ರಲ್ಲಿ, ಪೋಲೆಂಡಿನಿಂದ ವಲಸೆ ಬಂದಿದ್ದ ಕುಟುಂಬದಲ್ಲಿ ಹುಟ್ಟಿದ. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಮನೆಗೆ ಆಸರೆಯಾಗಲು ಚರ್ಮದ ಕೆಲಸಕ್ಕೆ ಸೇರಿದ. 1941ರಲ್ಲಿ ಕೆನಡಾದ ವಾಯುಪಡೆಗೆ ಸೇರಿಕೊಂಡ.

ಅವನಿದ್ದ ಲ್ಯಾಂಕಾಸ್ಟರ್ ವಿಮಾನದಲ್ಲಿ ಏಳು ಜನ. ವಿಮಾನದ ಬೆನ್ನಿನ ಮೇಲಿನ ಬಂದೂಕು ಇವನದು. ಬಾಲದ ತುದಿಯ ಬಂದೂಕು ಗೆಳೆಯ ಪ್ಯಾಟ್ ಬ್ರೋಫಿಯದು. ಬ್ರೋಫಿ ಕೂರುತ್ತಿದ್ದ ಇಕ್ಕಟ್ಟಿನ ಗೂಡು ಎಂಜಿನ್ ಬಲದಿಂದ, ಎಣ್ಣೆಯ ಒತ್ತಡದಲ್ಲಿ ತಿರುಗುತ್ತಿತ್ತು. ಅದು ನೇರಕ್ಕೆ ಬಂದು ನಿಂತರೆ ಮಾತ್ರ ಹಿಂದಿನ ಬಾಗಿಲಿನಿಂದ ವಿಮಾನದೊಳಗೆ ಬಂದು ಪ್ಯಾರಾಚೂಟ್ ತೆಗೆದುಕೊಳ್ಳಲು ಸಾಧ್ಯ.

1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕ್ಯಾಂಬ್ರೆಯ ರೈಲ್ವೆ ಯಾರ್ಡಿನ ಮೇಲೆ ಬಾಂಬ್ ಹಾಕಲು ಇವರು ಹೊರಟರು. ನಾರ್ಮಂಡಿಯಲ್ಲಿ ಮಿತ್ರಪಡೆಗಳು ಇಳಿದು ಆರು ದಿನಗಳಾಗಿದ್ದವು. ಜರ್ಮನ್ ಸೇನೆಗೆ ರೈಲಿನ ಮೂಲಕ ಕುಮ್ಮಕ್ಕು ಬರದಂತೆ ತಡೆಯಬೇಕಿತ್ತು. ಮಧ್ಯರಾತ್ರಿ ಕಳೆದ ಮೇಲೆ ಜರ್ಮನ್ ಯುದ್ಧವಿಮಾನವೊಂದು ಇವರ ಮೇಲೆರಗಿತು. ಎಡಗಡೆಯ ಎರಡೂ ಎಂಜಿನ್‌ಗಳು ನಿಂತವು, ವಿಮಾನಕ್ಕೆ ಬೆಂಕಿ ಹತ್ತಿತು. ಎಲ್ಲರೂ ಜಿಗಿಯಬೇಕೆಂದು ಪೈಲಟ್ ಆಜ್ಞೆ ಕೊಟ್ಟ.

ಬಾಗಿಲ ಬಳಿ ಬಂದಿದ್ದ ಮಿನಾರ್ಸ್ಕಿ ತಿರುಗಿ ನೋಡಿದಾಗ ಬ್ರೋಫಿ ಗೂಡಿನಲ್ಲಿ ಸಿಕ್ಕಿಬಿದ್ದಿದ್ದ. ಎಂಜಿನ್ ನಿಂತದ್ದರಿಂದ ಗೂಡು ತಿರುಗುತ್ತಿರಲಿಲ್ಲ. ಕೈಯಿಂದ ತಿರುಗಿಸುವ ಹಿಡಿಯೂ ಮುರಿದಿತ್ತು. ಮಿನಾರ್ಸ್ಕಿ ಬೆಂಕಿಯನ್ನು ದಾಟಿ ಹೋಗಿ ಕೊಡಲಿಯಿಂದ ಮೀಟಿದ, ಬರಿಗೈಯಲ್ಲೂ ಎಳೆದ. ಬಟ್ಟೆಗೆ ಬೆಂಕಿ ಹತ್ತಿದರೂ ಬಿಡಲಿಲ್ಲ. ಕೊನೆಗೆ ಬ್ರೋಫಿಯೇ ಹೋಗೆಂದು ಸನ್ನೆ ಮಾಡಿದ. ಮಿನಾರ್ಸ್ಕಿ ಬಾಗಿಲ ಬಳಿ ನಿಂತು ಗೆಳೆಯನಿಗೆ ಸೆಲ್ಯೂಟ್ ಹೊಡೆದು ಜಿಗಿದ. ಅವನ ಪ್ಯಾರಾಚೂಟೂ ಉರಿಯುತ್ತಿತ್ತು. ನೆಲಕ್ಕೆ ಬಿದ್ದವನನ್ನು ಫ್ರಾನ್ಸಿನ ಹಳ್ಳಿಗರು ಕಂಡರು. ಆದರೆ ಸುಟ್ಟ ಗಾಯಗಳಿಂದ ಆತ ಬದುಕುಳಿಯಲಿಲ್ಲ.

ವಿಮಾನ ನೆಲಕ್ಕಪ್ಪಳಿಸಿದಾಗ ಬ್ರೋಫಿ ಆ ಗೂಡಿನಿಂದ ಹೊರಗೆಸೆಯಲ್ಪಟ್ಟು ಬದುಕಿಕೊಂಡ! ಉಳಿದ ಐವರೂ ಬದುಕಿದರು. ಏಳು ಜನರಲ್ಲಿ ಸತ್ತವನು ಮಿನಾರ್ಸ್ಕಿ ಒಬ್ಬನೇ. ಬ್ರೋಫಿ ಹೇಳಿದ ಸಾಕ್ಷ್ಯದಿಂದಲೇ ನಡೆದದ್ದು ಜಗತ್ತಿಗೆ ತಿಳಿಯಿತು. 1946ರಲ್ಲಿ ಮಿನಾರ್ಸ್ಕಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪದಕ ಸಂದಿತು.

ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು 1,25,000 ಮಂದಿ. ಅವರಲ್ಲಿ 55,573 ಜನ ಸತ್ತರು. ಅವರು ಹಾಕಿದ ಬಾಂಬುಗಳಿಂದ ಜರ್ಮನಿಯಲ್ಲೂ ಫ್ರಾನ್ಸಿನಲ್ಲೂ ಹೆಂಗಸರು, ಮಕ್ಕಳು ಸತ್ತದ್ದನ್ನೂ ನಾವು ಮರೆಯಬಾರದು. ಬ್ರೋಫಿ ಅಂದು ಬದುಕದಿದ್ದರೆ ಮಿನಾರ್ಸ್ಕಿ ಆ ದೊಡ್ಡ ಪಟ್ಟಿಯಲ್ಲಿ ಬರೀ ಒಂದು ಹೆಸರಾಗಿ ಉಳಿಯುತ್ತಿದ್ದ. ಸಾಕ್ಷಿಯೇ ಇಲ್ಲದೆ ಕತ್ತಲಲ್ಲಿ ಕರಗಿದ ಇಂಥ ತ್ಯಾಗಗಳು ಇನ್ನೆಷ್ಟಿವೆಯೋ!

ಕಂಡವರು ಹೇಳಿದರೆ, ಕೇಳಿದವರು ಬರೆದಿಟ್ಟರೆ ಮಾತ್ರ ಚರಿತ್ರೆ ಉಳಿಯುತ್ತದೆ. ನಮ್ಮ ಶಾಲೆಯ ಮೊದಲ ತಂಡದ ವಿದ್ಯಾರ್ಥಿಗಳು, ಆಗಿನ ಗುರುಗಳು, ಕಟ್ಟಡಕ್ಕೆ ಕಲ್ಲು ಹೊತ್ತ ಹಿರಿಯರು ಕಂಡದ್ದು ಬಹಳಷ್ಟಿದೆ. ಇಂದಿನ ವಿದ್ಯಾರ್ಥಿಗಳು ಒಂದು ನೋಟ್‌ಬುಕ್ ಹಿಡಿದು ಅವರ ಮನೆಗಳಿಗೆ ಹೋಗಲಿ, ಅವರು ಹೇಳಿದ್ದನ್ನು ಬರೆದಿಡಲಿ ಎಂಬುದು ಈ ಹಳೆಯ ವಿದ್ಯಾರ್ಥಿಯ ವಿನಂತಿ.