ತೋಡಿನ ದಂಡೆಯ ಪಾಠ

ನಾವೆಲ್ಲ ಶಾಲೆಯಲ್ಲಿ ವಿಜ್ಞಾನ ಕಲಿತದ್ದು ಹೇಗೆಂದು ಒಮ್ಮೆ ನೆನಪಿಸಿಕೊಳ್ಳೋಣ. ಕಪ್ಪೆಯ ಜೀವನಚಕ್ರವನ್ನು ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಬರೆದೆವು, ಮರೆತೆವು. ಶಾಲೆಯ ಹಿಂದಿನ ತೋಡಿನಲ್ಲೇ ಕಪ್ಪೆಗಳು ವಟಗುಟ್ಟುತ್ತಿದ್ದರೂ, ಹೋಗಿ ನೋಡಿ ಬನ್ನಿ ಎಂದು ಯಾರೂ ಹೇಳಲಿಲ್ಲ.

ನೀರು, ಮಣ್ಣು, ಬಿಸಿಲು, ಗಿಡ, ಪ್ರಾಣಿ ಇವೆಲ್ಲ ಸೇರಿ ಒಂದೇ ವ್ಯವಸ್ಥೆ ಎಂಬ ವಿಚಾರಕ್ಕೆ 1935ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ ಒಂದು ಹೆಸರು ಕೊಟ್ಟರು. ಅದನ್ನೇ ನಾವು ಪರಿಸರ ವ್ಯವಸ್ಥೆ ಎನ್ನುತ್ತೇವೆ. ಇಂಥದ್ದನ್ನು ಒಬ್ಬನೇ ಕುಳಿತು ಓದಿ ತಿಳಿಯುವುದು ಕಷ್ಟ. ಒಬ್ಬ ನೀರಿನ ಆಳ ಅಳೆಯಬೇಕು, ಒಬ್ಬಳು ಹಕ್ಕಿ ಎಣಿಸಬೇಕು, ಇನ್ನೊಬ್ಬ ಮೀನು ಹಿಡಿಯುವವರನ್ನು ಮಾತಾಡಿಸಬೇಕು. ಆಮೇಲೆ ಎಲ್ಲರೂ ಕೂಡಿ ಲೆಕ್ಕ ಹಾಕಬೇಕು.

ನಮ್ಮ ದೇಶದಲ್ಲಿ ಈ ಹಾದಿ ತುಳಿದವರಲ್ಲಿ ಹೋಶಂಗಾಬಾದಿನವರು ಪ್ರಮುಖರು. ಮಧ್ಯಪ್ರದೇಶದ ಆ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅಲ್ಲಿನ 16 ಹಳ್ಳಿ ಶಾಲೆಗಳಲ್ಲಿ ಕೆಲಸ ಆರಂಭಿಸಿದವು. ಮುಂದಾಳುಗಳಲ್ಲೊಬ್ಬರಾದ ಅನಿಲ್ ಸದ್ಗೋಪಾಲ್ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಬಿಟ್ಟು ಹಳ್ಳಿಗೆ ಹೋದವರು. ನಾಲ್ಕು ನಾಲ್ಕು ಮಕ್ಕಳ ಟೋಳಿ ಮಾಡಿ, ಹೊಲಕ್ಕೂ ಹಳ್ಳಕ್ಕೂ ಕರೆದೊಯ್ದು, ಕಂಡದ್ದನ್ನು ತಾವೇ ಬರೆದುಕೊಳ್ಳುವಂತೆ ಮಾಡಿದರು. ಪರೀಕ್ಷೆಗೂ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು! 1978ರಲ್ಲಿ ಈ ಪಾಠ ಇಡೀ ಜಿಲ್ಲೆಗೆ ಹಬ್ಬಿತು. ಆದರೆ 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿಬಿಟ್ಟಿತು.

ಈ ನಡುವೆ, 1991ರಲ್ಲಿ, ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಎಷ್ಟೋ ಕಡೆ ಅದರ ಫಲವೆಂದರೆ ಬಾಯಿಪಾಠಕ್ಕೆ ಮತ್ತೊಂದು ಪುಸ್ತಕ, ಅಷ್ಟೇ. ಇದಕ್ಕಿಂತ ಬೇರೆಯಾದದ್ದು 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ಗುಂಪು ಕಟ್ಟಿಕೊಂಡು, ತಮ್ಮ ಊರಿನದೇ ಒಂದು ಪ್ರಶ್ನೆ ಹಿಡಿದು, ತಿಂಗಳುಗಟ್ಟಲೆ ಶೋಧಿಸಿ, ಜಿಲ್ಲೆ, ರಾಜ್ಯ, ದೇಶದ ಮಟ್ಟದಲ್ಲಿ ಮಂಡಿಸುವ ಏರ್ಪಾಡು ಅದು. ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ನಡೆಸಿಕೊಂಡು ಬಂತು. 2022–23ರ ವಿಷಯವೇ ಪರಿಸರ ವ್ಯವಸ್ಥೆ ಮತ್ತು ಆರೋಗ್ಯ. ಮಕ್ಕಳು 2023ರ ಜನವರಿಯಲ್ಲಿ ಅಹಮದಾಬಾದಿನಲ್ಲಿ ಸೇರಿದರು.

ಈ ಸಮಾವೇಶದ ಒಂದು ನಿಯಮ ನಮಗೆ ವಿಶೇಷವಾಗಿ ಹಿಡಿಸಿತು. ಸಂವಿಧಾನದ 8ನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ವರದಿ ಬರೆಯಬಹುದಿತ್ತು. ಎಂದರೆ, ಕನ್ನಡದಲ್ಲೂ!

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಶಾಲೆಯಲ್ಲಿ 'ಪ್ರಾಜೆಕ್ಟ್' ಕೊಟ್ಟರೆ ಅಪ್ಪ ಅಂಗಡಿಯಿಂದ ಚಿತ್ರಪಟ ತರುತ್ತಾನೆ, ಅಮ್ಮ ರಾತ್ರಿ ಕುಳಿತು ಅಂಟಿಸುತ್ತಾಳೆ, ಮಗು ನಿದ್ದೆ ಮಾಡುತ್ತದೆ. ನಾವೂ ಈ ತಪ್ಪು ಮಾಡಿದವರೇ. ಹೀಗೆ ಬಂದ ಅಂಕ ನಮ್ಮದು, ಮಗುವಿನದಲ್ಲ.

ದೊಡ್ಡ ರಜೆಯಲ್ಲಿ ಊರಿಗೆ ಹೋದಾಗ ಮಾತ್ರ ತೋಡು, ಗದ್ದೆ, ಕಾಡು ಎಂದು ತೋರಿಸುತ್ತೇವೆ. ಮುಂಬಯಿಯಲ್ಲಿ ಅದೆಲ್ಲ ಎಲ್ಲಿ ಎನ್ನುತ್ತೇವೆ. ಇದು ಸರಿಯಲ್ಲ. ಥಾಣೆಯ ಖಾಡಿ 2022ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಊರಿನ ಹೊಳೆಯಂಚಿನ ಕಾಂಡ್ಲಾ ಕಾಡು ಇಲ್ಲಿಯೂ ಇದೆ, ಅಲ್ಲಿ ರಾಜಹಂಸಗಳು ಇಳಿಯುತ್ತವೆ. 1891ರಲ್ಲಿ ಕುಡಿಯುವ ನೀರಿಗೆಂದೇ ಕಟ್ಟಿದ ಪವಾಯಿ ಕೆರೆಯ ನೀರು ಇಂದು ಕುಡಿಯಲು ಬಾರದು. ಏಕೆ? ಮಕ್ಕಳು ಹುಡುಕಲಿ.

'ನಿನ್ನ ಊರು ಯಾವುದು?' ಎಂದು ಕೇಳಿದರೆ ನಮ್ಮ ಮಕ್ಕಳು ತಡವರಿಸುತ್ತಾರೆ. ತಾವು ಎಣಿಸಿದ ಹಕ್ಕಿ, ಅಳೆದ ನೀರು ಇರುವ ಜಾಗ ಅವರಿಗೆ ಪರವೂರಾಗಿ ಉಳಿಯದು. ಸಂಘದ ಐದಾರು ಮಕ್ಕಳು ಒಂದು ಭಾನುವಾರ ಹಿರಿಯರೊಬ್ಬರ ಜೊತೆ ಹೊರಟರೆ ಸಾಕು. ಕಂಡದ್ದನ್ನು ಕನ್ನಡದಲ್ಲಿ ಬರೆಯಲಿ. ತಪ್ಪಿದ್ದರೂ ಚಿಂತೆಯಿಲ್ಲ, ಅದು ಅವರದೇ ಬರಹವಾಗಿರಲಿ.