ಮದ್ರಾಸಿನಿಂದ ಆಳಿದ ನಮ್ಮ ಕರಾವಳಿ

ಅಣ್ಣಾ ಸಾಲೈಯಲ್ಲಿ ಓಡಾಡುವ ನಾವೆಲ್ಲ ಕುದುರೆಯೇರಿ ಕೂತ ಥಾಮಸ್ ಮನ್ರೋನ ಪ್ರತಿಮೆಯನ್ನು ನೋಡಿರುತ್ತೇವೆ. 1820ರಲ್ಲಿ ಮದ್ರಾಸಿನ ಗವರ್ನರ್ ಆದ ಈತ ಅದಕ್ಕೂ ಇಪ್ಪತ್ತು ವರ್ಷ ಮೊದಲು ಕೆನರಾದ ಕಲೆಕ್ಟರ್ ಆಗಿದ್ದ ಎಂಬುದು ಎಷ್ಟು ಜನ ಕನ್ನಡಿಗರಿಗೆ ಗೊತ್ತು?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕರಾವಳಿ ಕಂಪನಿಯ ಪಾಲಾಯಿತು. ಕಾರವಾರದಿಂದ ನೀಲೇಶ್ವರದವರೆಗೆ, ಘಟ್ಟದ ಮೇಲಿನ ಶಿರಸಿ ಸೀಮೆಯೂ ಸೇರಿ, ಎಲ್ಲವೂ ಒಂದೇ ಜಿಲ್ಲೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಆಡುವ ಜನ. ಹೆಜ್ಜೆಗೊಂದು ಹೊಳೆ. ಅಲ್ಲಿನ ಕಂದಾಯದ ಕಡತಗಳು ಮಾತ್ರ ಬಂದು ಸೇರುತ್ತಿದ್ದುದು ಪೂರ್ವ ಕರಾವಳಿಯ ಮದ್ರಾಸಿನ ರೆವೆನ್ಯೂ ಬೋರ್ಡಿಗೆ.

ಈ ಜಿಲ್ಲೆಯ ಗಡಿಗಳು ಆಮೇಲೆ ಮೂರು ಸಲ ಬದಲಾದವು.

ಮೊದಲನೆಯದು 1834ರಲ್ಲಿ. ಕೊಡಗು ಕಂಪನಿಯ ವಶವಾದಾಗ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರಿನ ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿದರು. ಕೊಡಗಿನ ಅರಸರಿಗೆ ದವಸದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಈಗ ನಗದು ಕಟ್ಟಬೇಕಾಯಿತು. ಬೆಳೆ ಮಾರಿ ಹಣ ಹೊಂದಿಸುವಷ್ಟರಲ್ಲಿ ರೈತ ಸಾಲಗಾರನಾಗುತ್ತಿದ್ದ. 1837ರ ಅಮರ ಸುಳ್ಯ ದಂಗೆಗೆ, ಜನರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’ಗೆ, ಇದೂ ಒಂದು ಕಾರಣ. ದಂಗೆಕೋರರು ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟುಕೊಂಡಿದ್ದರು. ಕೊನೆಗೆ ಮುಂದಾಳುಗಳಿಗೆ ಗಲ್ಲಾಯಿತು.

ಎರಡನೆಯದಕ್ಕೆ ಕಾರಣ ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋದಾಗ ಧಾರವಾಡದ ಹತ್ತಿಗೆ ಬೆಲೆ ಬಂತು. ಧಾರವಾಡ ಬೊಂಬಾಯಿಯದು, ಹತ್ತಿ ಹಡಗು ಹತ್ತಬೇಕಾದ ಕಾರವಾರ ಮದ್ರಾಸಿನದು. 1862ರಲ್ಲಿ ಉತ್ತರ ಕೆನರಾವನ್ನು ಬೊಂಬಾಯಿಗೆ ಕೊಟ್ಟರು. ಕುಂದಾಪುರ ತಾಲ್ಲೂಕು ಮದ್ರಾಸಿನಲ್ಲೇ ಉಳಿಯಿತು. ಎರಡೂ ನಗರಗಳಲ್ಲಿ ಹೈಕೋರ್ಟ್ ಶುರುವಾದದ್ದೂ ಅದೇ ವರ್ಷ. ಹೀಗೆ ಭಟ್ಕಳದವನ ಮೇಲ್ಮನವಿ ಬೊಂಬಾಯಿಗೆ, ಪಕ್ಕದ ಬೈಂದೂರಿನವನದು ಮದ್ರಾಸಿಗೆ.

ಮೂರನೆಯದು ಭಾಷೆಯ ಹೆಸರಿನಲ್ಲಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ತಾಲ್ಲೂಕು ಇಡಿಯಾಗಿ ಕೇರಳಕ್ಕೆ ಹೋಯಿತು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ಏಳು ವರ್ಷದ ಮೇಲೆ ಆ ಕನ್ನಡ ಕವಿ, ಮನೆ ಬದಲಿಸದೆಯೇ, ಕೇರಳದವರಾದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲೇ ಇಲ್ಲ.

ತೆರಿಗೆ, ಹತ್ತಿ, ಭಾಷೆ: ಆಳುವವರಿಗೆ ಪ್ರತಿಸಲವೂ ಒಂದು ಕಾರಣವಿತ್ತು. ಗೆರೆಯ ಪಕ್ಕದಲ್ಲಿ ಬದುಕುವವರಿಗೆ ಉಳಿದದ್ದು ಬೇರೆ ಪ್ರಶ್ನೆಗಳು. ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಮಗುವನ್ನು ಯಾವ ಮಾಧ್ಯಮದ ಶಾಲೆಗೆ ಹಾಕಬೇಕು? ಕಾಸರಗೋಡಿನ ಕನ್ನಡಿಗರು ಇವತ್ತಿಗೂ ಇವನ್ನು ಕೇಳಿಕೊಳ್ಳುತ್ತಲೇ ಇದ್ದಾರೆ. ಗಡಿಯೆಂದರೆ ಬರೀ ಭಾವನೆಯ ವಿಷಯ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಅದು ದಿನನಿತ್ಯದ ಕಚೇರಿ ಕೆಲಸದ ವಿಷಯವೂ ಹೌದು.

ಮದ್ರಾಸ್ ರೆವೆನ್ಯೂ ಬೋರ್ಡಿನ ಹಳೆಯ ಕಡತಗಳು ಎಗ್ಮೋರಿನ ತಮಿಳುನಾಡು ದಾಖಲೆ ಭಂಡಾರದಲ್ಲಿವೆ. ನಾವು ಚೆನ್ನೈಗೆ ವಲಸೆ ಬಂದವರೇನೋ ನಿಜ. ಆದರೆ ನಮ್ಮ ಕರಾವಳಿಯ ಕಾಗದಪತ್ರ ನಮಗಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂದಿದೆ. ಅದನ್ನು ಓದಬಲ್ಲ ಕನ್ನಡಿಗರು ಈ ಊರಿನಲ್ಲೇ ಇದ್ದೇವೆ.