ಅಗಸೆಯೆಣ್ಣೆಯೂ ಮರದ ಸಾಮಾನುಗಳೂ

ಮಂಚ, ಮಣೆ, ಪೆಟ್ಟಿಗೆ ಮುಂತಾದ ಮರದ ಸಾಮಾನುಗಳಿಗೆ ಎಣ್ಣೆ ಹಚ್ಚುವ ಪದ್ಧತಿಯು ಬಹುಕಾಲದ್ದು. ಆದರೆ ಎಲ್ಲ ಎಣ್ಣೆಗಳೂ ಈ ಕಾರ್ಯಕ್ಕೆ ಒದಗತಕ್ಕವುಗಳಲ್ಲ. ಕೊಬ್ಬರಿಯೆಣ್ಣೆ, ಹರಳೆಣ್ಣೆಗಳು ಎಷ್ಟು ದಿನ ಕಳೆದರೂ ಜಿಡ್ಡಾಗಿಯೇ ಉಳಿದು ಧೂಳನ್ನು ಹಿಡಿಯುವುವು. ಅಗಸೆ, ಅಕ್ರೋಟು, ಗಸಗಸೆಗಳ ಎಣ್ಣೆಗಳಾದರೋ ಗಾಳಿಗೆ ತೆರೆದಿಟ್ಟಾಗ ಕ್ರಮೇಣ ಗಟ್ಟಿಯಾಗುವುವು. ಈ ಭೇದವನ್ನು ಮನುಷ್ಯನು ಗುರುತಿಸಿದುದೇ ಈ ಕಲೆಯ ಮೂಲವು.

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಬೆಳೆದು ಚಟ್ನಿಪುಡಿಗೆ ಒದಗುವ ಅಗಸೆಗೆ ಸಂಸ್ಕೃತದಲ್ಲಿ ಅತಸೀ, ಉಮಾ, ಕ್ಷುಮಾ ಎಂಬ ಹೆಸರುಗಳುಂಟು. ಅದರ ನಾರಿನ ವಸ್ತ್ರವೇ ಕ್ಷೌಮವು. ೬ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಯ್ಯಾಸನಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ತೇಗ, ಚಂದನ, ದೇವದಾರು, ಶಿಂಶಪಾ ಮೊದಲಾದ ಮರಗಳನ್ನು ಪ್ರಶಸ್ತವೆಂದಿರುವನು. ವಜ್ರಲೇಪವನ್ನು ವಿವರಿಸುವ ಬೇರೊಂದು ಅಧ್ಯಾಯದಲ್ಲಿ ಗುಗ್ಗುಳ, ಸರ್ಜರಸಗಳೊಡನೆ ಅತಸಿಯನ್ನೂ ಹೇಳಿರುವನು. ಆದರೆ ಆ ಲೇಪವು ಪ್ರಾಸಾದ, ಪ್ರತಿಮೆ, ಗೋಡೆ, ಬಾವಿಗಳಿಗೆ ಕಾಯಿಸಿ ಹಚ್ಚತಕ್ಕದ್ದು. ಅತಸಿಯು ಅಲ್ಲಿ ಕಲ್ಕದ ಒಂದು ದ್ರವ್ಯವಾಗಿದೆಯೇ ಹೊರತು ಮಂಚಕ್ಕೆ ಹಚ್ಚುವ ತೈಲವಾಗಿಲ್ಲ. ಎರಡು ಅಧ್ಯಾಯಗಳನ್ನು ಬೆಸೆದು ಪ್ರಾಚೀನರಿಗೆ ಎಲ್ಲವೂ ತಿಳಿದಿದ್ದಿತೆಂದು ಸಾಧಿಸಹೊರಡುವುದು ಚರಿತ್ರೆಯ ಮಾರ್ಗವಲ್ಲ.

ಒಣಗುವ ಎಣ್ಣೆಯ ಬಳಕೆಗೆ ಪ್ರಬಲವಾದ ಸಾಕ್ಷ್ಯವು ಆಫ್ಘಾನಿಸ್ಥಾನದ ಬಾಮಿಯಾನ್ ಗುಹೆಗಳಲ್ಲಿ ದೊರೆತಿದೆ. ಅಲ್ಲಿಯ ಸುಮಾರು ೭ನೆಯ ಶತಮಾನದ ಬೌದ್ಧ ಭಿತ್ತಿಚಿತ್ರಗಳಲ್ಲಿ ಕೆಲವು, ಬಹುಶಃ ಅಕ್ರೋಟು ಅಥವಾ ಗಸಗಸೆಯ ಎಣ್ಣೆಯಲ್ಲಿ ಬಣ್ಣವನ್ನು ಕಲಸಿ ಬರೆದವುಗಳೆಂದು ೨೦೦೮ರಲ್ಲಿ ಸಂಶೋಧಕರು ಪ್ರಕಟಪಡಿಸಿದರು.

ಮರಕ್ಕೇ ಹಚ್ಚುವ ವಿಧಿಯು, ಥಿಯೋಫಿಲಸ್ ಎಂಬ ಹೆಸರಿನಿಂದ ಯೂರೋಪಿನ ಸಂನ್ಯಾಸಿಯೊಬ್ಬನು ೧೨ನೆಯ ಶತಮಾನದ ಆದಿಭಾಗದಲ್ಲಿ ಬರೆದ ಲ್ಯಾಟಿನ್ ಗ್ರಂಥದಲ್ಲಿ ಸ್ಪಷ್ಟವಾಗಿರುವುದು. ಅಗಸೆಯನ್ನು ನೀರಿಲ್ಲದೆ ಬಾಣಲೆಯಲ್ಲಿ ಒಣಗಿಸಿ, ಒರಳಿನಲ್ಲಿ ಕುಟ್ಟಿ, ಕೊಂಚ ನೀರೆರೆದು ಕಾಯಿಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಬಂದ ಎಣ್ಣೆಯಲ್ಲಿ ಕೆಂಪು ಬಣ್ಣವನ್ನರೆದು ಬಾಗಿಲುಗಳಿಗೆ ಬಳಿದು ಬಿಸಿಲಿನಲ್ಲಿ ಒಣಗಿಸಬೇಕು. ಒಂದೊಂದು ಲೇಪವೂ ಒಣಗುವ ತನಕ ಕಾಯುವುದು ಚಿತ್ರಕಾರನಿಗೆ ಬಲು ಬೇಸರವೆಂದೂ ಅವನು ಹೇಳಿರುವನು.

ಈ ನಿಧಾನಕ್ಕೆ ಕಾರಣವುಂಟು. ನೀರು ಆವಿಯಾಗಿ ಆರುವಂತೆ ಎಣ್ಣೆಯು ಆರುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳಲು, ಅದರ ಅಣುಗಳು ಬಲೆಯಂತೆ ಹೆಣೆದುಕೊಳ್ಳುವುವು. ಗಟ್ಟಿಯಾಗುವಾಗ ಎಣ್ಣೆಯ ತೂಕವು ಹೆಚ್ಚುವುದೇ ಇದಕ್ಕೆ ಪ್ರಮಾಣ. ಆದುದರಿಂದ ಬಲ್ಲ ಬಡಗಿಯು ಎಣ್ಣೆಯನ್ನು ದಪ್ಪವಾಗಿ ಬಳಿಯನು. ಮರವನ್ನು ನುಣುಪುಮಾಡಿ, ತೆಳುವಾಗಿ ಹಚ್ಚಿ, ಮರವು ಕುಡಿದು ಉಳಿದುದನ್ನೆಲ್ಲ ಬಟ್ಟೆಯಿಂದ ಒರಸಿ, ಅದು ಒಣಗಿದ ಮೇಲೆಯೇ ಮತ್ತೊಮ್ಮೆ ಹಚ್ಚುವನು. ಒರಸದೆ ಬಿಟ್ಟರೆ ಮೇಲೆ ಕೆನೆಗಟ್ಟಿ ಒಳಗೆ ಅಂಟಾಗಿಯೇ ಇರುವುದು.

೧೯ನೆಯ ಶತಮಾನದಲ್ಲಿ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ತಿಕ್ಕುವ ಫ್ರೆಂಚ್ ಪಾಲಿಷ್ ಯೂರೋಪಿನಲ್ಲಿ ಹಬ್ಬಿತು. ೨೦ನೆಯ ಶತಮಾನದಲ್ಲಿ ಯಂತ್ರದಿಂದ ಸಿಂಪಡಿಸುವ ಕೃತಕ ವಾರ್ನಿಷುಗಳು ಬಂದವು. ಇವು ಶೀಘ್ರವಾಗಿ ಒಣಗಿ ಹೊಳಪನ್ನು ಕೊಡುವುವು. ನೀರಿನ ಕಲೆಯನ್ನು ತಡೆಯುವುದರಲ್ಲಿ ಕೃತಕ ವಾರ್ನಿಷು ಎಣ್ಣೆಗಿಂತ ಮೇಲೆಂಬುದು ನಿಜ. ಆದರೆ ಅದರ ಪದರವು ಬಿರಿದು ಎದ್ದರೆ ಹೆರೆದು ತೆಗೆಯಬೇಕಾಗುವುದು. ಎಣ್ಣೆಯ ಕೆಲಸದಲ್ಲಿ ಗೀರು ಬಿದ್ದ ಜಾಗವನ್ನಷ್ಟೇ ಉಜ್ಜಿ ಪುನಃ ಎಣ್ಣೆ ಹಚ್ಚಬಹುದು. ಮನೆಯ ಹಳೆಯ ಪೀಠದ ಮೈಬಣ್ಣವು ಕೆಡದು.

ಶೀಘ್ರಕಾರ್ಯದ ಕಾಲದಲ್ಲಿ ಮರೆವಿಗೆ ಬಿದ್ದ ಇನ್ನೊಂದು ಅಂಶವುಂಟು. ಗಟ್ಟಿಯಾಗುವಾಗ ಈ ಎಣ್ಣೆಯು ಶಾಖವನ್ನು ಹುಟ್ಟಿಸುವುದು. ಹಲಗೆಯ ಮೇಲೆ ಅದು ಗಾಳಿಗೆ ಹೋಗುವುದು. ಮುದ್ದೆಗಟ್ಟಿದ ಒರಸುಬಟ್ಟೆಯಲ್ಲಿ ಕೂಡಿಕೊಂಡು ತಾನಾಗಿಯೇ ಬೆಂಕಿಯಾಗಬಹುದು. ೧೯೯೧ರ ಫೆಬ್ರವರಿ ೨೩ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ೩೮ ಅಂತಸ್ತುಗಳ ಕಟ್ಟಡವೊಂದರ ೨೨ನೆಯ ಅಂತಸ್ತಿನಲ್ಲಿ ಮರಗೆಲಸವನ್ನು ಹೊಸದು ಮಾಡುತ್ತಿದ್ದವರು ಬಿಟ್ಟುಹೋದ ಅಗಸೆಯೆಣ್ಣೆಯ ಬಟ್ಟೆಗಳಿಂದ ಕಿಚ್ಚು ಹೊತ್ತಿತು. ಅದನ್ನು ಆರಿಸಹೋದ ಮೂವರು ಅಗ್ನಿಶಾಮಕರು ಪ್ರಾಣವನ್ನು ತೆತ್ತರು. ಬಟ್ಟೆಗಳನ್ನು ನೀರಿನಲ್ಲಿ ಅದ್ದಿದ್ದರೆ, ಇಲ್ಲವೆ ಬಯಲಿನಲ್ಲಿ ಒಂದೊಂದಾಗಿ ಹರವಿದ್ದರೆ ಆ ಅನರ್ಥವು ತಪ್ಪುತ್ತಿತ್ತು.

ಎಣ್ಣೆಯು ಇಂದಿಗೂ ಅಂಗಡಿಯಲ್ಲಿ ದೊರೆಯುವುದು. ಎಷ್ಟು ಒರಸಬೇಕು, ಎಷ್ಟು ಕಾಯಬೇಕು, ಒರಸಿದ ಬಟ್ಟೆಯನ್ನು ಎಲ್ಲಿ ಹರವಬೇಕು ಎಂಬ ತಿಳಿವಳಿಕೆಯಾದರೋ ಕೆಲಸ ಬಲ್ಲವನ ಬಳಿ ನಿಂತು ಕಲಿಯತಕ್ಕದ್ದು.